ಒದ್ದೆ ಕೈಯ ಪರೀಕ್ಷೆ

ಪ್ರೆಸ್ಸಿನ ಉದ್ದ ಮೇಜಿನ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಮಗ್ ಇಟ್ಟಿರುತ್ತಾರೆ. ಅದರಲ್ಲಿ ಮುಕ್ಕಾಲು ಮಟ್ಟ ನೀರು. ಹೊಸಬರು ಕುಡಿಯುವ ನೀರೆಂದುಕೊಂಡು ಕೈ ಚಾಚುತ್ತಾರೆ, ಉಳಿದವರು ನಗುತ್ತಾರೆ. ಒಂದೂವರೆ ವರ್ಷದ ಹಿಂದೆ ಆ ಮಗ್ ಅಲ್ಲಿರಲಿಲ್ಲ. ಅದು ಬಂದದ್ದು ನರ್ಸಮ್ಮನಿಂದ.

ಪ್ರೆಸ್ ಎನ್ನುವುದು ಈಗ ಹೆಸರಿಗಷ್ಟೇ. ರಸೀದಿ ಪುಸ್ತಕ, ಕರಪತ್ರ ಅಚ್ಚು ಮಾಡುತ್ತಿದ್ದ ಯಂತ್ರಗಳು ಗುಜರಿಗೆ ಹೋಗಿ ಹನ್ನೊಂದು ವರ್ಷವಾಯಿತು. ಅಚ್ಚುಮೊಳೆ ಇಡುತ್ತಿದ್ದ ಖಾನೆಗಳಲ್ಲಿ ಈಗ ನಿಜವಾದ ಮೊಳೆಗಳಿವೆ, ಜೊತೆಗೆ ಸ್ಕ್ರೂ, ವಾಷರ್, ಕೀಲು. ಅಂಗಡಿ ಮುಚ್ಚಿದ ಮೇಲೆ ಯಜಮಾನರಿಗೆ ಮನೆಯಲ್ಲಿ ಕೂತು ಬೇಸರ ಬಂದು, ತಮ್ಮಂಥ ನಾಲ್ಕು ಜನರನ್ನು ಸೇರಿಸಿಕೊಂಡರು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಮೇಲೇಳುತ್ತದೆ, ಒಂದು ಗಂಟೆಗೆ ಇಳಿಯುತ್ತದೆ. ಬರುವವರು ಏಳೆಂಟು ಮಂದಿ, ಅವರಲ್ಲಿ ಒಬ್ಬರೂ ಬಡಗಿಯಲ್ಲ. ಕಾಲು ಅಲ್ಲಾಡುವ ಕುರ್ಚಿ, ಮುಚ್ಚದ ಕಪಾಟು, ನೀರು ಸೋರುವ ನಲ್ಲಿಯ ತಲೆ, ಮೊಮ್ಮಗಳ ಪುಸ್ತಕಕ್ಕೆ ಗೂಡು, ಹೀಗೆ ಒಬ್ಬೊಬ್ಬರು ಒಂದೊಂದು ಹಿಡಿದು ಬರುತ್ತಾರೆ.

ಅಲ್ಲಿ ಎರಡೇ ನಿಯಮ. ಮೊದಲನೆಯದು, "ಅಂಗಡೀಲಿ ಸಿಗುತ್ತಲ್ಲ" ಎಂದು ಯಾರೂ ಬಾಯಿ ಬಿಡಬಾರದು. ಎರಡನೆಯದು, ಮಾಡಿ ಮುಗಿಸಿದ ವಸ್ತುವನ್ನು ಮೇಜಿನ ಮೇಲಿಟ್ಟವರು ಮೊದಲು ಅದರ ತಪ್ಪನ್ನು ತಾವೇ ಹೇಳಬೇಕು. ಆಮೇಲೆ ಅದು ಕೈಯಿಂದ ಕೈಗೆ ಹೋಗುತ್ತದೆ. ಹೇಳದೆ ಉಳಿದ ತಪ್ಪು ಯಾರ ಕಣ್ಣಿಗಾದರೂ ಬಿದ್ದರೆ, ಮಾಡಿದವರು ಆ ದಿನ ಎಲ್ಲರಿಗೂ ಟೀ ಕಾಯಿಸಬೇಕು. ಹೀಗೆ ಬೇರೆಯವರ ಕೈಯಲ್ಲಿ ಹೆಚ್ಚು ಟೀ ಕಾಯಿಸಿದವರು ಲೆಕ್ಕದ ಮೇಷ್ಟ್ರು. ಬಡಗಿಗಳ ಲೆಕ್ಕದಲ್ಲಿ ಅಂಗುಲದ ಎಂಟನೇ ಒಂದು ಭಾಗಕ್ಕೆ ನೂಲು ಎನ್ನುತ್ತಾರೆ. ಮೇಷ್ಟ್ರು ಅದರಲ್ಲೂ ಅರ್ಧ ಹೆಚ್ಚುಕಡಿಮೆಯನ್ನು ಬರಿಗಣ್ಣಲ್ಲಿ ಹಿಡಿಯುತ್ತಾರೆ. ಹಾಗಾಗಿ ಅವರಿಗೆ ಬೆನ್ನ ಹಿಂದೆ, ಈಗೀಗ ಮುಖದೆದುರೇ, ಅರ್ಧ ನೂಲು ಎಂದು ಹೆಸರು.

ನರ್ಸಮ್ಮ ಅಲ್ಲಿಗೆ ಮೊದಲ ಸಲ ಬಂದಾಗ ಯಜಮಾನರು ಕುರ್ಚಿ ಎಳೆದು ಕೂರಿಸಿ, "ಏನು ರಿಪೇರಿ ಆಗ್ಬೇಕಿತ್ತಮ್ಮ?" ಎಂದು ಕೇಳಿದ್ದರು.

"ರಿಪೇರಿ ಮಾಡಿಸ್ಕೊಳ್ಳೋಕೆ ಬಂದಿಲ್ಲ. ಮಾಡೋಕೆ ಬಂದಿದೀನಿ," ಎಂದು ಅವರು ಚೀಲದಿಂದ ಒಂದು ಸ್ಕ್ರೂಡ್ರೈವರ್ ತೆಗೆದಿಟ್ಟರು. ಹಿಡಿ ಸವೆದು ಬಣ್ಣ ಹೋಗಿದ್ದ ಆ ಸ್ಕ್ರೂಡ್ರೈವರಿಗೆ ಮೂವತ್ತು ವರ್ಷ ಮೀರಿತ್ತು.

ಅದರ ಕತೆ ಆಸ್ಪತ್ರೆಯದು. ನರ್ಸಮ್ಮ ಮೂವತ್ಮೂರು ವರ್ಷ ದುಡಿದದ್ದು ಊರಿನ ದೊಡ್ಡಾಸ್ಪತ್ರೆಯಲ್ಲಿ, ಅದರಲ್ಲಿ ಇಪ್ಪತ್ತೊಂದು ವರ್ಷ ಮೂಳೆ ವಾರ್ಡಿನಲ್ಲಿ. ಮಂಚದ ಚಕ್ರ ಕಚ್ಚಿಕೊಂಡರೆ, ಗ್ಲೂಕೋಸ್ ಸ್ಟ್ಯಾಂಡು ವಾಲಿದರೆ ರಿಪೇರಿ ವಿಭಾಗಕ್ಕೆ ಚೀಟಿ ಬರೆಯಬೇಕಿತ್ತು. ಚೀಟಿ ಹೋಗಿ ಆಳು ಬರುವಷ್ಟರಲ್ಲಿ ಮುರಿದ ಮೂಳೆ ಕೂಡಿ ರೋಗಿ ಮನೆಗೆ ಹೋಗಿರುತ್ತಿದ್ದ. ಕೆಲಸಕ್ಕೆ ಸೇರಿದ ಮೂರನೇ ವರ್ಷಕ್ಕೆ ನರ್ಸಮ್ಮ ಚೀಟಿ ಬರೆಯುವುದನ್ನು ಬಿಟ್ಟು, ಥರ್ಮಾಮೀಟರ್ ಇಡುವ ಜೇಬಿನಲ್ಲೇ ಸ್ಕ್ರೂಡ್ರೈವರ್ ಇಟ್ಟುಕೊಂಡರು. ನಿವೃತ್ತಿಯ ದಿನ ಥರ್ಮಾಮೀಟರ್ ವಾಪಸು ಕೊಟ್ಟರು, ಇದನ್ನು ಕೊಡಲಿಲ್ಲ.

ಅವರು ಮದುವೆಯಾಗಲಿಲ್ಲ. ಅಕ್ಕನ ಗಂಡ ತೀರಿಕೊಂಡ ಮೇಲೆ ಅಕ್ಕತಂಗಿಯರಿಬ್ಬರೂ ಒಂದೇ ಮನೆಯಲ್ಲಿದ್ದಾರೆ. ಅಕ್ಕ ಒಂಬತ್ತು ವರ್ಷ ದೊಡ್ಡವರು, ಹೊಲಿಗೆ ಶಾಲೆಯಲ್ಲಿ ಟೀಚರಾಗಿದ್ದವರು. ಟೇಪು ಹಿಡಿಯದೆ ಎದುರಿಗಿರುವವರ ಸೊಂಟದ ಅಳತೆ ಹೇಳುತ್ತಾರೆ, ಕೇಳದಿದ್ದವರಿಗೂ ಹೇಳುತ್ತಾರೆ. ಆ ಅಕ್ಕ ಎಪ್ಪತ್ತೊಂದನೇ ವಯಸ್ಸಿನಲ್ಲಿ ಮೆಟ್ಟಿಲ ಕೊನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ನಾಲ್ಕು ತಿಂಗಳಿಗೆ ಡಾಕ್ಟರು, "ಮೂಳೆ ಕೂಡಿದೆ, ಇನ್ನು ನೀವೇ ನಡೀಬೇಕು," ಎಂದರು.

ನಡೆಯಲು ಇದ್ದ ಅಡ್ಡಿ ಮನೆಯದೇ. ಅಕ್ಕನ ಕೋಣೆಯಿಂದ ಬಚ್ಚಲಿಗೆ ಹದಿನಾಲ್ಕು ಅಡಿ. ಒಂಬತ್ತೂವರೆ ಅಡಿ ನೇರ ಹೋಗಿ, ಒಂದು ತಿರುವು, ಅಲ್ಲಿಂದ ನಾಲ್ಕೂವರೆ ಅಡಿ. ದಾರಿಯ ಅಗಲ ಎಷ್ಟು ಕಡಿಮೆಯೆಂದರೆ, ಆಸ್ಪತ್ರೆಯಲ್ಲಿ ಕೊಟ್ಟ ವಾಕರ್ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಪ್ರತಿ ಸಲ ತಂಗಿ ಬಂದು ತೋಳು ಹಿಡಿಯಬೇಕು. ಒಂದು ದಿನ ನರ್ಸಮ್ಮನಿಗೆ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಬೆಳಿಗ್ಗೆ ಅಕ್ಕನ ಪಕ್ಕ ತುಂಬಿಸಿಟ್ಟ ಚೊಂಬಿನ ನೀರು ಸಂಜೆಗೂ ಅರ್ಧಕ್ಕೆ ಇಳಿದಿರುತ್ತಿರಲಿಲ್ಲ. ಕರೆಯುವುದನ್ನು ತಪ್ಪಿಸಲು ಅಕ್ಕ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು.

ಬೇರೆ ಊರಿನಲ್ಲಿರುವ ಅಕ್ಕನ ಮಗಳು ಬಂದವಳು ಅದನ್ನು ಕಂಡಳು. ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದಳು.

"ನಾನು ಯಾಕೆ ಬರ್ಲಿ? ನನ್ನ ಮಿಷನ್ ಇಲ್ಲಿದೆ, ಕಿಟಕಿ ಇಲ್ಲಿದೆ, ಬೈಯೋಕೆ ತಂಗಿ ಇಲ್ಲಿದಾಳೆ," ಎಂದರು ಅಕ್ಕ.

"ಚಿಕ್ಕಮ್ಮಂಗೂ ಅರವತ್ತೆರಡಾಯ್ತಮ್ಮ. ನಿನ್ನ ಎತ್ತೋಕೆ ಹೋಗಿ ಅವ್ರೂ ಬಿದ್ರೆ ಇಬ್ರನ್ನೂ ಯಾರು ಎತ್ತೋದು?"

ಕೊನೆಗೆ ಒಂದು ಗಡುವಾಯಿತು. ಎರಡು ತಿಂಗಳು ಬಿಟ್ಟು ಒಂದು ಶನಿವಾರ ಮಗಳು ಬರುತ್ತಾಳೆ. ಅಷ್ಟರಲ್ಲಿ ತಾಯಿ ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿ ಬಂದರೆ ಇಲ್ಲೇ ಇರಬಹುದು. ಇಲ್ಲವಾದರೆ ಹೊರಡಬೇಕು. ಹೋಗುವಾಗ ಮಗಳು, "ಗೋಡೆಗೆ ಒಂದು ಸ್ಟೀಲ್ ಪೈಪ್ ಹಾಕ್ಸಿ ಚಿಕ್ಕಮ್ಮ, ಅಂಗಡೀಲಿ ಸಿಗುತ್ತಲ್ಲ," ಎಂದಳು.

ಪ್ರೆಸ್ಸಿನಲ್ಲಿ ಎರಡು ವರ್ಷ ಕಳೆದಿದ್ದ ನರ್ಸಮ್ಮನಿಗೆ ಅದನ್ನು ಕೇಳಿಯೇ ತೀರ್ಮಾನವಾಯಿತು. ಅಟ್ಟದ ಮೇಲೆ ಅಪ್ಪನ ಕಾಲದ ತೇಗದ ಮಂಚ ಬಿಚ್ಚಿಟ್ಟಿತ್ತು. ಅದರ ಎರಡು ಉದ್ದ ಪಟ್ಟಿಗಳು ಆರೂವರೆ ಅಡಿಯವು. ತಲೆದೆಸೆಯ ಹಲಗೆಯಿಂದ ಇನ್ನೊಂದು ಮೂರಡಿ. ಗೋಡೆಯುದ್ದಕ್ಕೂ ಮರದ ರೇಲಿಂಗ್ ಆಗುತ್ತದೆ, ಎರಡಡಿ ಮಿಗುತ್ತದೆ.

ಆರು ಭಾನುವಾರ ಹಿಡಿಯಿತು. ಯಜಮಾನರು ಚೌಕದ ಪಟ್ಟಿಯನ್ನು ಕೀಸುಳಿಯಿಂದ ಕೀಸಿ ಕೀಸಿ ದುಂಡಗೆ ಮಾಡುವುದನ್ನು ಕಲಿಸಿದರು. ಮೇಷ್ಟ್ರು ಅಕ್ಕನ ಎತ್ತರ, ಮೊಣಕೈ ಎತ್ತರ, ಚಪ್ಪಲಿಯ ದಪ್ಪ ಎಲ್ಲವನ್ನೂ ಬರೆಸಿಕೊಂಡು ನೆಲದಿಂದ ಎಷ್ಟು ಮೇಲಿರಬೇಕೆಂದು ಲೆಕ್ಕ ಹಾಕಿಕೊಟ್ಟರು. ಭಾನುವಾರದ ಗುಂಪಿನಲ್ಲೊಬ್ಬರಾದ ಬಸ್ ಡ್ರೈವರ್, ರೇಲಿಂಗನ್ನು ಗೋಡೆಗೆ ಕೂರಿಸುವ ಬ್ರ್ಯಾಕೆಟ್ಟಿನ ನಮೂನೆಯನ್ನು ತಮ್ಮ ಡಿಪೋದಿಂದ ತಂದರು. ಬಳಿಕ ಶುರುವಾದದ್ದು ಪಾಲಿಶ್. ಎಂಬತ್ತನೇ ನಂಬರಿನ ಸ್ಯಾಂಡ್ ಪೇಪರಿನಿಂದ ಹೊರಟು ನಾನ್ನೂರಕ್ಕೆ ಬಂದರು. ಮೂರು ಕೋಟ್ ವಾರ್ನಿಶ್ ಆದ ಮೇಲೆ ನರ್ಸಮ್ಮ ಸಾಕೆಂದರು.

"ಸಾಕಾ? ಮುಖ ಕಾಣ್ಬೇಕು ನರ್ಸಮ್ಮ," ಎಂದರು ಮೇಷ್ಟ್ರು. "ಇನ್ನು ಮೂರು ಕೊಡಿ."

ಆರನೇ ಭಾನುವಾರ ಎರಡೂ ತುಂಡುಗಳು ಮೇಜಿನ ಮೇಲೆ ಬಂದವು. ನರ್ಸಮ್ಮ ನಿಯಮದಂತೆ ತಪ್ಪು ಹೇಳಿದರು: ಪಟ್ಟಿಗೆ ಹಲಗೆ ಸೇರಿಸಿದ ಉದ್ದನೆಯ ತುಂಡಿನ ಓರೆ ಜೋಡಣೆಯಲ್ಲಿ ಅರ್ಧ ನೂಲು ಸಂದು ಉಳಿದಿದೆ, ಅಂಟು ಮತ್ತು ಮರದ ಹೊಟ್ಟು ತುಂಬಿಸಿದ್ದೇನೆ. ನಾಲ್ಕೂವರೆ ಅಡಿಯ ತುಂಡು ಏಳು ಜೊತೆ ಕೈಗಳನ್ನು ದಾಟಿತು. ಮೇಷ್ಟ್ರು ಕಣ್ಣು ಮುಚ್ಚಿ ಸವರಿ, "ರೇಷ್ಮೆ," ಎಂದರು. ಅವರ ಬಾಯಿಂದ ಅಂಥ ಮಾತು ಆವರೆಗೆ ಯಾರೂ ಕೇಳಿರಲಿಲ್ಲ. ಆ ದಿನ ಯಾರೂ ಟೀ ಕಾಯಿಸಬೇಕಾಗಿ ಬರಲಿಲ್ಲ.

ಬುಧವಾರ ಡ್ರೈವರ್ ಬಂದು ಗೋಡೆಗೆ ತೂತು ಕೊರೆದುಕೊಟ್ಟರು. ರೇಲಿಂಗ್ ಕೂತಿತು. ಅಕ್ಕ ಬಾಗಿಲಲ್ಲಿ ನಿಂತು ನೋಡಿ, "ನಮ್ಮಪ್ಪನ ಮಂಚ ಗೋಡೆ ಹತ್ತಿತಲ್ಲೇ," ಎಂದರು.

ಗುರುವಾರ ಬೆಳಿಗ್ಗೆ ಅಕ್ಕ ಒಬ್ಬರೇ ಹೊರಟರು. ತಂಗಿ ಅಡುಗೆಮನೆಯಿಂದ ಹೊರಗೆ ಕಾಲಿಡಕೂಡದು ಎಂದು ಅಪ್ಪಣೆಯಾಗಿತ್ತು. ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಅಕ್ಕ ಕೈ ತೊಳೆದುಕೊಂಡು ಒದ್ದೆ ಕೈಯಲ್ಲೇ ರೇಲಿಂಗ್ ಹಿಡಿದು ಮೈಭಾರ ಹಾಕಿದರು. ಕೈ ಒಂದೂವರೆ ಅಡಿ ಮುಂದಕ್ಕೆ ಜಾರಿತು. ಭುಜ ಗೋಡೆಗೆ ತಾಗಿ, ಗೋಡೆಗೇ ಒರಗಿಕೊಂಡು ಮೆಲ್ಲಗೆ ಕುಸಿದು ಕೂತರು. ನರ್ಸಮ್ಮ ಓಡಿ ಬಂದು ಮೊದಲು ಸೊಂಟ ಮುಟ್ಟಿ ನೋಡಿದರು, ಆಮೇಲೆ ಕಾಲು, ಆಮೇಲೆ ಮಣಿಕಟ್ಟು. ಯಾವುದಕ್ಕೂ ಏನೂ ಆಗಿರಲಿಲ್ಲ.

"ಚೆನ್ನಾಗಿದೆ ಕಣೇ ನಿನ್ನ ಕೆಲಸ," ಎಂದರು ಅಕ್ಕ, ಉಸಿರು ಸುಧಾರಿಸಿಕೊಂಡು. "ಮೀನು ಹಿಡ್ಕೊಂಡು ನಡೆದ ಹಾಗಿತ್ತು."

ಅವರನ್ನು ಮಲಗಿಸಿ ಬಂದು ನರ್ಸಮ್ಮ ತಮ್ಮ ಕೈಯನ್ನು ನಲ್ಲಿಗೆ ಒಡ್ಡಿ ರೇಲಿಂಗ್ ಹಿಡಿದು ನೋಡಿದರು. ಕೈ ನಿಲ್ಲಲಿಲ್ಲ. ವಾರ್ಡಿನಲ್ಲಿ ಮಂಚದ ಕಂಬಿಗಳು ಜಾರುತ್ತವೆಂದು ಅವಕ್ಕೆ ಬ್ಯಾಂಡೇಜ್ ಬಟ್ಟೆ ಸುತ್ತಿಸುತ್ತಿದ್ದವರು ಅವರೇ. ಹೊಸ ಹುಡುಗಿಯರಿಗೆ ಅದನ್ನು ಮೊದಲ ವಾರವೇ ಹೇಳಿಕೊಡುತ್ತಿದ್ದರು. ಸ್ಯಾಂಡ್ ಪೇಪರ್ ಹಿಡಿದ ಆರು ಭಾನುವಾರಗಳಲ್ಲಿ ಒಮ್ಮೆಯೂ ಅದು ಅವರಿಗೆ ನೆನಪಾಗಿರಲಿಲ್ಲ.

ಅಕ್ಕ ಎರಡು ದಿನ ರೇಲಿಂಗ್ ಮುಟ್ಟಲಿಲ್ಲ. ಚೊಂಬಿನ ನೀರು ಮತ್ತೆ ಇಳಿಯದಾಯಿತು. ಮಗಳು ಬರುವುದಕ್ಕೆ ಒಂದೇ ವಾರ ಉಳಿದಿತ್ತು.

ಭಾನುವಾರ ನರ್ಸಮ್ಮ ಪ್ರೆಸ್ಸಿಗೆ ಹೋದಾಗ ಕೈಯಲ್ಲಿ ಮಿಕ್ಕಿದ್ದ ಎರಡಡಿಯ ತುಂಡಿತ್ತು. ನಮೂನೆಗೆಂದು ಅದಕ್ಕೂ ಆರು ಕೋಟ್ ಕೊಟ್ಟಿದ್ದರು. ಹಿತ್ತಿಲಿಂದ ಒಂದು ಮಗ್ ನೀರು ತಂದು ಮೇಜಿನ ಮೇಲಿಟ್ಟರು.

"ಹೋದ ವಾರ ಹೇಳದೆ ಉಳಿದ ತಪ್ಪು ಒಂದಿದೆ," ಎಂದರು. "ಎಲ್ರೂ ಕೈ ಅದ್ದಿ, ಇದನ್ನ ಹಿಡೀರಿ. ಸವರಬೇಡಿ, ಭಾರ ಹಾಕಿ."

ತುಂಡು ಮತ್ತೆ ಏಳು ಕೈ ದಾಟಿತು. ಮೊದಲು ಬಾಯಿಬಿಟ್ಟವರು ಡ್ರೈವರ್. "ಬೆವರು ಕೈಗೆ ಸ್ಟೀರಿಂಗ್ ಜಾರುತ್ತೆ ಅಂತ ಇಪ್ಪತ್ತೆಂಟು ವರ್ಷದಿಂದ ಕವರ್ ಹಾಕ್ಕೊಂಡು ಓಡಿಸ್ತಿದೀನಿ. ನಂಗಾದ್ರೂ ಹೊಳೀಬೇಕಿತ್ತು."

ಮೇಷ್ಟ್ರು ಕೈ ಒರೆಸಿಕೊಳ್ಳುತ್ತಲೇ ಇದ್ದರು. "ಮೂರಕ್ಕೇ ಸಾಕು ಅಂದಿದ್ರಿ ನೀವು."

"ಮೂರಕ್ಕೂ ಜಾರ್ತಿತ್ತು, ಬಿಡಿ ಮೇಷ್ಟ್ರೇ."

"ಆದ್ರೂ ಇವತ್ತಿನ ಟೀ ನಂದು," ಎಂದು ಮೇಷ್ಟ್ರು ಎದ್ದು ಸ್ಟೌ ಹಚ್ಚಿದರು.

ಟೀ ಆಗುವಷ್ಟರಲ್ಲಿ ನಾಲ್ಕು ಸಲಹೆ ಬಂದವು. ನರ್ಸಮ್ಮ ಎಲ್ಲವನ್ನೂ ಕೇಳಿಸಿಕೊಂಡು, ತುಂಡನ್ನು ಆರಾರು ಅಂಗುಲದ ನಾಲ್ಕು ಭಾಗ ಮಾಡಿ ಗುರುತು ಹಾಕಿದರು. ಒಂದು ಭಾಗದ ವಾರ್ನಿಶ್ ಕೆರೆದು ಮರ ಬರಿದು ಮಾಡಿದರು. ಎರಡನೆಯದಕ್ಕೆ ಯಜಮಾನರು ಉಳಿಯಿಂದ ಗೀರು ಹಾಕಿದರು. ಮೂರನೆಯದಕ್ಕೆ ಮೇಷ್ಟ್ರು ಅಂಟು ಬಳಿದು ಸಣ್ಣ ಮರಳು ಉದುರಿಸಿದರು. ನಾಲ್ಕನೆಯದಕ್ಕೆ ಡ್ರೈವರ್ ಹಳೇ ಸ್ಟೀರಿಂಗ್ ಕವರಿನ ತುಂಡು ಸುತ್ತಿದರು. ಯಾವುದು ಒಳ್ಳೆಯದೆಂದು ವಾದ ಶುರುವಾಗುವಾಗಲೇ ನರ್ಸಮ್ಮ ತುಂಡನ್ನು ಚೀಲಕ್ಕೆ ಹಾಕಿಕೊಂಡರು.

"ಹಿಡಿಯೋರು ಮನೇಲಿದಾರೆ. ಅವ್ರನ್ನ ನಾವು ಒಂದ್ಸಲಾನೂ ಕೇಳ್ಲೇ ಇಲ್ಲ," ಎಂದರು. ನೀರಿನ ಮಗ್ ಮಾತ್ರ ಅಂದಿನಿಂದ ಮೇಜಿನ ಮೇಲೇ ಉಳಿಯಿತು, ಕೈಯಲ್ಲಿ ಹಿಡಿಯುವ ವಸ್ತುವೆಲ್ಲ ಒದ್ದೆ ಕೈಯನ್ನೂ ದಾಟಬೇಕಾಯಿತು.

ಮಧ್ಯಾಹ್ನ ಅಕ್ಕ ಮಂಚದ ಮೇಲೆ ಕೂತು, ಒದ್ದೆ ಕೈಯಲ್ಲಿ ಆ ತುಂಡನ್ನು ಬಟ್ಟೆ ಅಂಗಡಿಯಲ್ಲಿ ಥಾನು ನೋಡುವಂತೆ ನೋಡಿದರು.

"ಈ ಮರಳು ಚುಚ್ಚುತ್ತೆ. ಈ ಗೀರಿನ ಸಂದೀಲಿ ಕೊಳೆ ಕೂರುತ್ತೆ. ಈ ಕವರ್ ಕೈಯೊಳಗೇ ತಿರುಗುತ್ತೆ, ಅಳತೆ ತಪ್ಪಿದ ರವಿಕೆ ತೋಳಿನ ಥರ." ಬರಿ ಮರದ ಭಾಗದ ಮೇಲೆ ಕೈ ನಿಂತಿತು. "ಇದು ಪರವಾಗಿಲ್ಲ. ಆದ್ರೆ ಹಿಡಿತ ಸಾಲದು. ನನ್ನ ಡಬ್ಬಿ ತಾರೇ."

ಹೊಲಿಗೆ ಡಬ್ಬಿಯ ತಳದಲ್ಲಿ ಪರದೆಗೆಂದು ತಂದಿಟ್ಟ ದಪ್ಪ ಹತ್ತಿ ಹುರಿಯ ಎರಡು ಉಂಡೆಗಳಿದ್ದವು. ಅಕ್ಕ ಹುರಿಯನ್ನು ಬರಿ ಮರದ ಮೇಲೆ ಬಿಗಿಯಾಗಿ, ಒಂದು ಸುತ್ತಿನ ಪಕ್ಕ ಇನ್ನೊಂದು ಒತ್ತಿ ಕೂರುವಂತೆ ಸುತ್ತಿದರು. ಕೈ ಅದ್ದಿ ಹಿಡಿದರು. ತಂಗಿಯ ಕೈಗೂ ಕೊಟ್ಟರು. ಅದು ಜಾರಲಿಲ್ಲ.

ಬಚ್ಚಲ ಬಾಗಿಲಿಂದ ತಿರುವಿನವರೆಗಿನ ನಾಲ್ಕೂವರೆ ಅಡಿಗೆ ಹುರಿ ಸುತ್ತುವುದೆಂದು ನಿಶ್ಚಯವಾಯಿತು. ತಿರುವು ದಾಟುವಷ್ಟರಲ್ಲಿ ಕೈ ಒಣಗಿರುತ್ತದೆ, ಅಲ್ಲಿಂದಾಚೆಗೆ ವಾರ್ನಿಶ್ ಕೆರೆದರೆ ಸಾಕು. ಸೋಮವಾರ ನರ್ಸಮ್ಮ ಎಂಬತ್ತನೇ ನಂಬರಿನ ಪೇಪರ್ ಹಿಡಿದು ಆರು ಭಾನುವಾರದ ಹೊಳಪನ್ನು ಒಂದೇ ಬೆಳಿಗ್ಗೆ ತೆಗೆದರು. ಸುತ್ತುವ ಕೆಲಸವನ್ನು ಅಕ್ಕ ಯಾರಿಗೂ ಬಿಡಲಿಲ್ಲ. "ನಿನ್ನ ಸುತ್ತು ಸಡಿಲ. ಚಿಕ್ಕಂದಿನಿಂದ್ಲೂ ಅಷ್ಟೇ. ಜಡೆ ಹಾಕಿದ್ರೂ ಬಿಚ್ಕೊಳ್ತಿತ್ತು."

ಕುರ್ಚಿ ಹಾಕಿಕೊಂಡು ಕೂತು ಅವರು ಅಂಗೈಯಗಲ ಸುತ್ತುವರು, ಎದ್ದು ರೇಲಿಂಗ್ ಹಿಡಿದು ನಿಲ್ಲುವರು, ತಂಗಿ ಕುರ್ಚಿ ಸರಿಸುವರು, ಮತ್ತೆ ಕೂರುವರು. ಮಂಗಳವಾರದಿಂದ ಶುಕ್ರವಾರದವರೆಗೆ ಹೀಗೇ ನಡೆಯಿತು. ಸುತ್ತಿದ್ದನ್ನು ಎರಡು ಸಲ ತಾವೇ ಬಿಚ್ಚಿ ಮತ್ತೆ ಸುತ್ತಿದರು. ಆ ನಾಲ್ಕು ದಿನಗಳಲ್ಲಿ ಅವರು ನಲವತ್ತಕ್ಕೂ ಹೆಚ್ಚು ಸಲ ಎದ್ದು ಕೂತಿದ್ದರು. ವ್ಯಾಯಾಮ ಮಾಡಿ ಎಂದು ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ಅಷ್ಟೂ ತಿಂಗಳು ದಿಂಬಿನ ಕೆಳಗೇ ಇತ್ತು.

ಶನಿವಾರ ಹನ್ನೊಂದಕ್ಕೆ ಮಗಳು ಬಂದಳು. ತಾಯಿಯ ಬಟ್ಟೆಗೆಂದು ತಂದ ಖಾಲಿ ಸೂಟ್‌ಕೇಸನ್ನು ಬಾಗಿಲ ಪಕ್ಕ ಇಟ್ಟಳು. ಅಕ್ಕ ತಮ್ಮ ಕೋಣೆಯಲ್ಲಿ ಕಾಫಿ ಮುಗಿಸಿ ಎದ್ದು ರೇಲಿಂಗ್ ಹಿಡಿದರು. ಅಡುಗೆಮನೆಯ ಹೊಸ್ತಿಲಲ್ಲಿ ತಂಗಿ, ಕೋಣೆಯ ಬಾಗಿಲಲ್ಲಿ ಮಗಳು. ಹದಿನಾಲ್ಕು ಅಡಿ ಹೋದರು. ಒಳಗೆ ನಲ್ಲಿಯ ಸದ್ದಾಯಿತು. ಹೊರಗೆ ಬಂದ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಬೇಕೆಂದೇ ಒರೆಸಿಕೊಂಡಿರಲಿಲ್ಲ. ಹುರಿಯ ಮೇಲೆ ಕೈಯೂರಿ ಭಾರ ಹಾಕಿ, ಬಿಟ್ಟು, ಮುಂದೆ ಹಿಡಿದು, ತಿರುವು ದಾಟಿ ಬಂದರು.

ಮಗಳು ಹೋಗಿ ಹುರಿಯನ್ನು ಮುಟ್ಟಿ ನೋಡಿದಳು. "ಇದು ಹಾಳಾದ್ರೆ?"

"ಆರು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಸುತ್ತಬೇಕು. ಇದರ ತಪ್ಪು ಅದು," ಎಂದರು ನರ್ಸಮ್ಮ.

"ಇನ್ನೊಂದು ಉಂಡೆ ಡಬ್ಬೀಲಿದೆ," ಎಂದರು ಅಕ್ಕ.

ಮಗಳು ಒಂದು ದಿನ ಉಳಿದು, ಖಾಲಿ ಸೂಟ್‌ಕೇಸನ್ನು ಹಾಗೇ ತೆಗೆದುಕೊಂಡು ಹೋದಳು. ಅದಕ್ಕೆ ಮೊದಲು, ಶನಿವಾರ ಊಟಕ್ಕೆ ಕೂತಾಗ ಅಕ್ಕ ತಮ್ಮ ಲೋಟ ಖಾಲಿ ಮಾಡಿ ತಂಗಿಯ ಕಡೆ ಚಾಚಿದ್ದರು.

"ಇನ್ನೊಂದು ಲೋಟ ನೀರು ಹಾಕೇ."