ಹಾವಿಗೆ ಕಾಲು, ಬಟ್ಟಲಿಗೆ ಹಾವು

ಅರೆಬರೆ ಕಲಿತದ್ದನ್ನು ನಾಲ್ಕು ಜನರೆದುರು ತೋರಿಸದೆ ಇರುವುದು ನನ್ನ ಕೈಲಾಗದ ಕೆಲಸ. ಎರಡು ತಿಂಗಳು ತಬಲಾ ಕಲಿತಾಗ, ನಮ್ಮ ಮನೆಗೆ ಬಂದವರೆಲ್ಲ ಊಟಕ್ಕೆ ಮೊದಲು ಅದನ್ನು ಕೇಳಲೇಬೇಕಾಗಿತ್ತು. ಹೀಗಿರುವಾಗ ಬ್ರಿಸ್ಬೇನಿನಲ್ಲಿ ಓದುತ್ತಿದ್ದ ಮಗಳು ಮೇಘನಾ, ತಾನು ಜುನ್ ಎಂಬ ಹುಡುಗನನ್ನು ಮದುವೆಯಾಗುವುದಾಗಿಯೂ, ಅವನ ತಂದೆ ತಾಯಿ ಚೀನಾದಿಂದ ಬಂದು ಅಡಿಲೇಡಿನಲ್ಲಿ ನೆಲೆಸಿದವರೆಂದೂ ಸ್ಕೈಪಿನಲ್ಲಿ ಹೇಳಿದಳು. ಪರ್ತಿನ ಬೆಂಟ್ಲಿಯಲ್ಲಿದ್ದ ನಾನು ಮರುದಿನವೇ ಚೀನೀ ನುಡಿಗಟ್ಟುಗಳ ಪುಸ್ತಕ ಹಿಡಿದು ಕುಳಿತೆ. ಹುಡುಗ ನಮಗೆ ಹಿಡಿಸಿದ್ದ. ಅವನ ಮನೆಯವರಿಗೆ ನಾವು ಹಿಡಿಸಬೇಕಿತ್ತು, ಅಷ್ಟೆ.

"ಜುನ್ಸ್ ಮಮ್ ಈಸ್ ದ ಬಾಸ್, ಅಪ್ಪಾ. ಪ್ಲೀಸ್, ಜಸ್ಟ್ ಬಿ ನಾರ್ಮಲ್" ಎಂದು ಮಗಳು ಎಚ್ಚರಿಸಿದ್ದಳು.

ಈ ನುಡಿಗಟ್ಟುಗಳು ಹೆಚ್ಚಾಗಿ ನಾಲ್ಕೇ ಅಕ್ಷರದವು, ಆದರೆ ಎಷ್ಟೋ ಸಲ ಅವುಗಳ ಹಿಂದೆ ಒಂದು ಇಡೀ ಕತೆ ಇರುತ್ತದೆ. "ಹಾವಿಗೆ ಕಾಲು ಬರೆಯುವುದು" ಎಂಬುದನ್ನೇ ನೋಡಿ. ಪೂಜೆಯ ನಂತರ ಸೇವಕರಿಗೆ ಒಂದೇ ಬಟ್ಟಲು ಮದ್ಯ ಸಿಕ್ಕಿತು. ನೆಲದ ಮೇಲೆ ಮೊದಲು ಹಾವು ಬರೆದು ಮುಗಿಸಿದವನಿಗೆ ಅದು ಎಂದು ಪಂದ್ಯ ಕಟ್ಟಿದರು. ಮೊದಲು ಮುಗಿಸಿದವನು ಬಟ್ಟಲನ್ನು ಎಡಗೈಗೆ ತೆಗೆದುಕೊಂಡು, ಇನ್ನೂ ಹೊತ್ತಿದೆಯಲ್ಲ ಎಂದು ಬಲಗೈಯಿಂದ ಹಾವಿಗೆ ಕಾಲು ಬರೆಯತೊಡಗಿದ. ಅಷ್ಟರಲ್ಲಿ ಎರಡನೆಯವನು ಮುಗಿಸಿ, ಹಾವಿಗೆಲ್ಲಿಯ ಕಾಲು ಎಂದು ಬಟ್ಟಲು ಕಿತ್ತುಕೊಂಡು ಕುಡಿದೇಬಿಟ್ಟ. ಗೆದ್ದ ಮೇಲೂ ಇನ್ನೊಂದು ಯುದ್ಧಕ್ಕೆ ಹೊರಟ ಸೇನಾಪತಿಗೆ ಬುದ್ಧಿ ಹೇಳಲು ದೂತನೊಬ್ಬ ಹೇಳಿದ ಕತೆಯಂತೆ ಇದು. ನಾನು ಓದಿ ಚೆನ್ನಾಗಿ ನಕ್ಕೆ. ಅದು ನನಗೂ ಹೇಳಿದ್ದು ಎಂದು ಹೊಳೆಯಲಿಲ್ಲ.

ಎರಡೂ ಮನೆಯವರು ಬ್ರಿಸ್ಬೇನಿನಲ್ಲೇ ಸೇರಿದೆವು, ಸನ್ನಿಬ್ಯಾಂಕಿನ ಒಂದು ಚೀನೀ ಹೋಟೆಲಿನಲ್ಲಿ, ಸಂಜೆ ಐದಕ್ಕೆ. ಬಾಗಿಲಿಗೆ ಮುಖ ಮಾಡಿದ ಕುರ್ಚಿ ಮಾನ್ಯರಿಗೆ ಸಲ್ಲಬೇಕು ಎಂದು ಪುಸ್ತಕದಲ್ಲಿತ್ತು. ಜುನ್‌ನ ತಾಯಿ ಬೇಡ ಬೇಡವೆಂದರೂ ಬಿಡದೆ ಅವರನ್ನೇ ಅಲ್ಲಿ ಕೂರಿಸಿ, ನಾನು ಎದುರಿಗೆ ಕುಳಿತೆ. "ಮೊದಲ ಭೇಟಿಯಲ್ಲೇ ಹಳೆಯ ಗೆಳೆಯರು" ಎಂಬರ್ಥದ ನುಡಿಗಟ್ಟನ್ನು ಚೀನೀ ಭಾಷೆಯಲ್ಲೇ ಹೇಳಿದೆ. ಜುನ್‌ನ ತಂದೆ ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಇನ್ನೂ ಐದಾರು ಹೇಳಿದ್ದಲ್ಲದೆ, ಅವರ ಕತೆಗಳನ್ನು ಅವರಿಗೇ ವಿವರಿಸಿದೆ. ತೋಫು ತಣ್ಣಗಾಯಿತು. ನೋಡುತ್ತೇನೆ, ಆ ತಾಯಿಯ ಹುಬ್ಬು ಗಂಟಿಕ್ಕಿದೆ, ಕಣ್ಣು ಕಿರಿದಾಗಿದೆ, ನನ್ನ ಕಡೆ ತಿರುಗುತ್ತಲೇ ಇಲ್ಲ. ಏಳುವವರೆಗೂ ಆ ಮುಖ ಸಡಿಲಲಿಲ್ಲ.

"ಅವ್ರ ಕತೆ ಅವ್ರಿಗೇ ಪಾಠ ಮಾಡಕ್ಕೆ ಹೋದ್ರಲ್ಲ, ಏನಾಗಿತ್ರೀ ನಿಮ್ಗೆ?" ಎಂದಳು ಹೆಂಡತಿ ಸುಧಾ, ದಾರಿಯಲ್ಲಿ. ಮರುದಿನ ಬೆಳಿಗ್ಗೆ ಸೇಂಟ್ ಲೂಸಿಯಾದ ಮಗಳ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದೆ.

"ಅವರಮ್ಮನ ಮುಖ ನೋಡ್ದೆ ಕಣಮ್ಮ. ನಿನ್ ಮದ್ವೆ ನಾನೇ ಕೆಡಿಸ್ಬಿಟ್ಟೆ" ಎಂದೆ.

ಅವಳು ಫೋನ್ ಹಿಡಿದು ಹೊರಗೆ ಹೋಗಿ ಜುನ್ ಜೊತೆ ಮಾತಾಡಿ ಬಂದಳು. "ದೇ ವಾಂಟ್ ಟು ಮೀಟ್ ಅಗೇನ್. ಸೇಮ್ ಪ್ಲೇಸ್, ಸೇಮ್ ಟೈಮ್" ಎಂದಷ್ಟೇ ಹೇಳಿದಳು.

ತೀರ್ಪು ಕೇಳುವವನ ಹಾಗೆ ಹೋದೆ. ಜುನ್‌ನ ತಾಯಿ ಬಾಗಿಲಲ್ಲೇ ಕಾದಿದ್ದು, ನೇರವಾಗಿ ತಮ್ಮ ಹಿಂದಿನ ದಿನದ ಕುರ್ಚಿಗೆ ಕರೆದೊಯ್ದು, "ಇವತ್ತು ಮರ್ಯಾದೆ ನಿಮಗೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಕೂರಿಸಿದರು. ಕುಳಿತೆನೋ ಇಲ್ಲವೋ, ಗಾಜಿನ ಬಾಗಿಲಿನಿಂದ ಪಡುವಣದ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯಿತು. ಹುಬ್ಬು ಗಂಟಿಕ್ಕಿತು, ಕಣ್ಣು ಕಿರಿದಾಯಿತು, ಎದುರಿಗಿದ್ದವರ ಕಡೆ ನೋಡಲಾಗಲಿಲ್ಲ. ಅಯ್ಯೋ, ಇಷ್ಟೇನಾ!

"ಹುಡುಗಿಯ ತಂದೆ ಕೊಟ್ಟ ಜಾಗ, ಬಿಟ್ಟು ಏಳುವುದು ಹೇಗೆ?" ಎಂದು ಜುನ್‌ನ ತಾಯಿ ನಕ್ಕರು. ಆಮೇಲೆ ನಾಲ್ಕು ಅಕ್ಷರ ಹೇಳಿದರು. ಅದು ನನಗೆ ಗೊತ್ತಿತ್ತು: ಬಟ್ಟಲಲ್ಲಿ ಬಿಲ್ಲು, ಹಾವಿನ ನೆರಳು. ಅಧಿಕಾರಿಯೊಬ್ಬನ ಮನೆಯಲ್ಲಿ ಕುಡಿಯಲು ಕುಳಿತ ಅತಿಥಿಗೆ ಬಟ್ಟಲಲ್ಲಿ ಹಾವು ಕಂಡಿತು. ಸಂಕೋಚಕ್ಕೆ ಕುಡಿದು, ಮನೆಗೆ ಹೋಗಿ ಹಾಸಿಗೆ ಹಿಡಿದ. ಗೋಡೆಯ ಮೇಲಿನ ಬಿಲ್ಲಿನ ಪ್ರತಿಬಿಂಬ ಅದೆಂದು ಅಧಿಕಾರಿಗೆ ಹೊಳೆದು, ಅವನನ್ನು ಮತ್ತೆ ಕರೆಸಿ ಅದೇ ಜಾಗದಲ್ಲಿ ಕೂರಿಸಿ ತೋರಿಸಿದ. ರೋಗ ಅಲ್ಲೇ ಬಿಟ್ಟಿತಂತೆ. ನಮ್ಮ ವೇದಾಂತಿಗಳು ಹಗ್ಗದಲ್ಲಿ ಹಾವು ಕಂಡವನಿಗೆ ದೀಪ ತರಲು ಹೇಳಿದರು. ಇವರು ಕುರ್ಚಿ ಹಾಕಿ ಕೂರಿಸಿದರು. ನನಗೆ ಕುರ್ಚಿಯೇ ವಾಸಿ ಎನಿಸಿತು. ಹಿಂದಿನ ಸಂಜೆಯಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದು, ಹಸಿವಾಯಿತು.

ಜುನ್‌ನ ತಂದೆ ಎದ್ದು ಪರದೆ ಎಳೆದರು. ತಾಯಿ ನನ್ನ ಬಟ್ಟಲಿಗೆ ಚಹಾ ಸುರಿಯುತ್ತ, ಮದುವೆ ಪರ್ತಿನಲ್ಲೋ ಅಡಿಲೇಡಿನಲ್ಲೋ ಎಂದು ಕೇಳಿದರು. ಮೇಘನಾ ನನ್ನನ್ನು ನೋಡಿ ನಕ್ಕಳು. ಆ ಗಳಿಗೆಗೆ ಹೇಳಿ ಮಾಡಿಸಿದಂಥ ನುಡಿಗಟ್ಟೊಂದು, ಕತೆಯ ಸಮೇತ, ನನ್ನ ನಾಲಿಗೆಯ ತುದಿಗೆ ಬಂತು. ಬಾಯಿ ತೆರೆದೆ. ಸುಧಾ ದುರುಗುಟ್ಟಿ ನೋಡಿದಳು.

"ನೀವು ಹೇಳಿದಲ್ಲೇ" ಎಂದು ಚಹಾ ಕುಡಿದೆ. ಬಟ್ಟಲು ನನ್ನ ಕೈಯಲ್ಲೇ ಉಳಿಯಿತು.