ಪಂಪಮ್ಮ ತುಂಬಿಸಿದ ಸಾಲು

ಪಂಪಮ್ಮನಿಗೆ ಖಾಲಿ ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಇದ್ದರೆ ದಾರಿಯಲ್ಲಿ ಹೋಗುವವರನ್ನಾದರೂ ಕರೆದು ಕೂರಿಸುತ್ತಾಳೆ. ಕೊಟ್ಟೂರಿನ ಬಸ್ಸಿನಲ್ಲಿ ಪಕ್ಕದ ಸೀಟು ಬರಿದಾಗಿದ್ದರೆ ಕಂಡಕ್ಟರನಿಗಿಂತ ಅವಳಿಗೇ ಸಂಕಟ ಹೆಚ್ಚು. ಉಜ್ಜಿನಿಯಿಂದ ಗುಡೇಕೋಟೆಗೆ ಸೊಸೆಯಾಗಿ ಬಂದು ಮೂವತ್ತೈದು ವರ್ಷ. ಅಷ್ಟೂ ವರ್ಷ ಕಳೆ ತೆಗೆಯುವ ಕುರ್ಚಿಗಿ ಅವಳ ಕೈಬಿಟ್ಟಿಲ್ಲ. ಅವಳು ಕಳೆ ತೆಗೆದ ಹೊಲವೆಂದರೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಸಾಲಿನಲ್ಲಿ ಒಂದೂ ಸಂದು ಇರುವುದಿಲ್ಲ. ಬೀಜ ಮೊಳೆಯದ ಕಡೆ ಬೇರೆ ಸಾಲಿನಿಂದ ಸಸಿ ಕಿತ್ತು ತಂದು ಹಚ್ಚಿ, ಹೆಬ್ಬೆರಳಿನಿಂದ ಮಣ್ಣು ಒತ್ತಿ ಮುಂದಕ್ಕೆ ಹೋಗುತ್ತಾಳೆ. ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಬೇಕಿಲ್ಲ. ಮಾಡಬೇಡ ಎನ್ನುವವರಂತೂ ಹೋದ ವರ್ಷದವರೆಗೆ ಸಿಕ್ಕಿರಲಿಲ್ಲ.

ಹೋದ ಮುಂಗಾರಿನಲ್ಲಿ ಕೂಡ್ಲಿಗಿ ರಸ್ತೆಯ ಪಕ್ಕದ ಹೊಲವೊಂದರಲ್ಲಿ ಸಜ್ಜೆಯ ಪ್ರಯೋಗ ನಡೆಯಿತು. ಹರಪನಹಳ್ಳಿಯ ಚಂದನಾ, ಬೆಳೆಗಳ ತಳಿಶಾಸ್ತ್ರ ಓದಿದ ಹುಡುಗಿ, ಇನ್ನೂರ ನಲವತ್ತು ತಳಿಗಳನ್ನು ತಳಿಗೊಂದು ಸಾಲಿನಂತೆ ಬಿತ್ತಿಸಿ, ಸಾಲಿಗೊಂದು ನಂಬರಿನ ಚೀಟಿ ನೆಟ್ಟಿದ್ದಳು. ಡ್ರೋನು ದಿನ ಬಿಟ್ಟು ದಿನ ಹಾರಿ, ಯಾವ ಸಾಲು ಎಷ್ಟು ಹಸಿರು, ಸುಡುವ ಬಿಸಿಲಿನಲ್ಲೂ ಯಾವುದರ ಎಲೆ ತಂಪು ಎಂದು ಅಳೆಯುತ್ತಿತ್ತು. ಎಲೆ ತಂಪಾಗಿದೆಯೆಂದರೆ ಬೇರು ಇನ್ನೂ ನೀರು ಎಳೆಯುತ್ತಿದೆ ಎಂದರ್ಥ. ಇತ್ತ ಎಲೆಯ ಚೂರುಗಳು ಲ್ಯಾಬಿಗೆ ಹೋಗಿ ಅವುಗಳ ವಂಶವಾಹಿಯ ವಿವರ ಬರುತ್ತಿತ್ತು. ಎರಡನ್ನೂ ಜೋಡಿಸಿ ನೋಡಿದರೆ ಬಿಸಿಲು ತಾಳುವ ಗುಣ ಯಾವ ತಳಿಯಲ್ಲಿ, ಯಾವ ವಂಶವಾಹಿಯಲ್ಲಿ ಕೂತಿದೆಯೆಂದು ತಿಳಿಯುತ್ತದೆ. ಮುಂದೆ ಅದನ್ನೇ ಹೊಸ ತಳಿಗೆ ತರಬಹುದು. ಈ ಗುಣದ ಹಿಂದೆ ಚಂದನಾ ಮೂರು ವರ್ಷದಿಂದ ಬಿದ್ದಿದ್ದಳು. ಆ ಹೊಲಕ್ಕೆ ಕಳೆ ತೆಗೆಯಲು ಬಂದವಳು ನಮ್ಮ ಪಂಪಮ್ಮ.

ಮುಂದೇನಾಯಿತೆಂದು ಊಹಿಸಲು ಯಾವ ಯಂತ್ರವೂ ಬೇಡ. ಬಿತ್ತಿದ ಹದಿನೆಂಟನೆಯ ದಿನ ಎಂಬತ್ತೆಂಟನೆಯ ಸಾಲಿನಲ್ಲಿ ಒಂಬತ್ತು ಸಂದು ಕಂಡವು. ಪಂಪಮ್ಮ ಒತ್ತಾಗಿ ಮೊಳೆತಿದ್ದ ಎಂಬತ್ತೊಂಬತ್ತರಿಂದ ಒಂಬತ್ತು ಸಸಿ ಕಿತ್ತು ಅಲ್ಲಿ ಹಚ್ಚಿದಳು. ಆಮೇಲೆ ಹುಳು ಬಿದ್ದು ಎಂಬತ್ತೊಂಬತ್ತು ತೀರಾ ತೆಳುವಾಯಿತು. ಅಷ್ಟೊತ್ತಿಗೆ ಸಸಿ ಹಚ್ಚುವ ಹದ ಮುಗಿದಿತ್ತು.

ಎರಡು ತಿಂಗಳ ಮೇಲೆ, ಬೇವಿನ ಮರದ ಕೆಳಗೆ ಎಲ್ಲರೂ ಬುತ್ತಿ ಬಿಚ್ಚಿದ್ದಾಗ, ಚಂದನಾ ಫೋನಿನಲ್ಲಿ ಯಾರಿಗೋ ಹೇಳುವುದು ಪಂಪಮ್ಮನ ಕಿವಿಗೆ ಬಿತ್ತು. "ಎಂಬತ್ತೆಂಟರಲ್ಲಿ ಕೆಲವು ಗಿಡ ತಂಪು, ಕೆಲವು ಬಿಸಿ. ಲ್ಯಾಬಿನವರೂ ಎರಡು ತರದ ಗಿಡ ಇವೆ ಅಂತಾರೆ. ಬೀಜವೇ ಬೆರಕೆ ಇರಬೇಕು. ಎಂಬತ್ತೊಂಬತ್ತರಲ್ಲಿ ಗಿಡವೇ ಇಲ್ಲ. ಸೋಮವಾರ ಎರಡನ್ನೂ ಕೊಯ್ಸಿ ದನಕ್ಕೆ ಹಾಕಿಸ್ತೀನಿ."

ಪಂಪಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ವಾಪಸು ಬುತ್ತಿಯಲ್ಲಿಟ್ಟಳು.

ಜೊತೆಗಾತಿ ಎರ್ರಮ್ಮನಿಗೆ ವಿಷಯ ತಿಳಿದಿತ್ತು. "ಸುಮ್ಕಿರಲೇ ಪಂಪಿ. ಯಾರು ನೋಡ್ಯಾರ? ಆ ಡ್ರೋನಿಗೇನು ಬಾಯಿ ಐತೇನು?" ಎಂದಳು.

ಹೇಳಿದರೆ ಕೆಲಸ ಹೋಗಬಹುದಿತ್ತು. ಕೆಲಸಕ್ಕಿಂತ ಹೆಚ್ಚಾಗಿ, ಪಂಪಮ್ಮನ ಕೈ ಬಿದ್ದ ಹೊಲ ಕೆಟ್ಟಿತು ಎಂಬ ಮಾತು ಊರೆಲ್ಲ ಹಬ್ಬುತ್ತಿತ್ತು. ಮೂವತ್ತೈದು ವರ್ಷದಲ್ಲಿ ಅವಳು ಗಳಿಸಿದ್ದು ಆ ಕೈಯ ಹೆಸರೊಂದನ್ನೇ. ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಆದರೂ ಕೈ ತೊಳೆದು ಎದ್ದಳು.

"ಮೇಡಂ, ಬೀಜದ್ದೇನೂ ತಪ್ಪಿಲ್ರಿ. ಸಾಲು ಬೋಳು ಕಾಣ್ತಿತ್ತು, ಮನಸು ತಡೀಲಿಲ್ಲ. ಆಕಡಿಂದ ಕಿತ್ತು ಈಕಡಿ ನಾನ ಹಚ್ಚೀನಿ."

ಚಂದನಾ ಫೋನು ಇಟ್ಟು ಅವಳ ಕಡೆ ತಿರುಗಿದಳು. ಅವಳಿಗೆ ಸಿಟ್ಟು ಬಂದಿತ್ತು, ಬಾರದೇ ಏನು. "ಯಾರ್ ಹೇಳಿದ್ರು ನಿಮ್ಗೆ ಹಂಗೆ ಮಾಡಾಕೆ?"

"ಯಾರು ಹೇಳಬೇಕ್ರಿ? ನಮ್ಮ ಕಡಿ ಹಂಗ ಮಾಡ್ಲಿಲ್ಲಂದ್ರ ಬೈತಾರ."

"ಯಾವ್ಯಾವ ಗಿಡ ಅಂತ ನೆನಪೈತಾ?"

ಪಂಪಮ್ಮ ಎಂಬತ್ತೆಂಟನೆಯ ಸಾಲಿನುದ್ದಕ್ಕೂ ನಡೆದು, ಎದೆಯೆತ್ತರದ ಒಂಬತ್ತು ಗಿಡಗಳನ್ನು ಒಂದೊಂದಾಗಿ ಮುಟ್ಟಿದಳು. ಚಂದನಾ ಒಂಬತ್ತಕ್ಕೂ ದಾರ ಕಟ್ಟಿ, ಎಲೆಯ ಚೂರು ಲ್ಯಾಬಿಗೆ ಕಳಿಸಿದಳು. ಸೋಮವಾರದ ಕೊಯ್ಲು ನಿಂತಿತು. ಆ ವಾರವೆಲ್ಲ ಪಂಪಮ್ಮ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ, ಎರ್ರಮ್ಮನ ಹತ್ತಿರ ಎಲೆಯಡಿಕೆಯನ್ನೂ ಕೇಳಲಿಲ್ಲ.

ವರದಿ ಬಂದ ದಿನ ಚಂದನಾ ಅರ್ಧ ಓಡುತ್ತಲೇ ಹೊಲಕ್ಕೆ ಬಂದಳು. ಒಂಬತ್ತಕ್ಕೆ ಒಂಬತ್ತೂ ಎಂಬತ್ತೊಂಬತ್ತರ ಗಿಡಗಳೇ. ಡ್ರೋನು ತಂಪೆಂದು ತೋರಿಸಿದ್ದೂ ಅವನ್ನೇ. ಇಡೀ ಹೊಲದಲ್ಲಿ ಅಷ್ಟು ತಂಪಾಗಿ ನಿಂತ ತಳಿ ಇನ್ನೊಂದಿರಲಿಲ್ಲ. ದನದ ಬಾಯಿಗೆ ಹೋಗಬೇಕಾಗಿದ್ದ ಸಾಲು ಅದು.

"ಪಂಪಕ್ಕ, ಆಕಡೆ ಎಂಬತ್ತೇಳೂ ಇತ್ತಲ್ರಿ. ಎಂಬತ್ತೊಂಬತ್ತರಿಂದಾನೇ ಯಾಕೆ ಕಿತ್ರಿ?"

"ಮೊದ್ಲು ಎಂಬತ್ತೇಳರದ ಒಂದು ಕಿತ್ತು ನೋಡಿದ್ನಿರಿ, ಬೇರು ಬೆರಳುದ್ದನೂ ಇರ್ಲಿಲ್ಲ. ಇದರದು ಗೇಣುದ್ದ ಬಂತು. ಇದು ಬಿಸಿಲಿಗೆ ಜಗ್ಗಂಗಿಲ್ಲಂತ ಅವತ್ತ ಗೊತ್ತಾತು."

"ಹದಿನೆಂಟನೇ ದಿನಾನೇ? ಮತ್ತೆ ನಂಗೆ ಹೇಳ್ಬಾರ್ದಿತ್ತಾ?"

"ನೀವು ಡ್ರೋನಿಗೆ ಕೇಳ್ತಿದ್ರಿ. ನನ್ನ ಯಾರು ಕೇಳಿದ್ರು?"

ಚಂದನಾ ಚೀಲದಿಂದ ನೋಟುಬುಕ್ಕು ತೆಗೆದು, "ಈಗ ಕೇಳ್ತೀನಿ ಬರ್ರಿ" ಎಂದು ಒಂದನೆಯ ಸಾಲಿನ ಕಡೆ ನಡೆದಳು.