ಸೋದರಮಾವನ ಟೈಟಾನಿಯಂ

ಇವತ್ತು ಬೆಳಿಗ್ಗೆ ದಾವಣಗೆರೆಯ ಕೆ.ಬಿ. ಬಡಾವಣೆಯ ಪಾತ್ರೆ ಅಂಗಡಿಯೊಂದರಲ್ಲಿ ನಿಂತಿದ್ದೆ. ಪರಿಚಯದವರೊಬ್ಬರ ಗೃಹಪ್ರವೇಶಕ್ಕೆ ಸ್ಟೀಲಿನ ಬಿಂದಿಗೆ ಕೊಡೋಣವೆಂದು ಹೋದದ್ದು. ಅಂಗಡಿಯವನು ಬಿಂದಿಗೆಯನ್ನು ನನ್ನ ಕೈಗಿಟ್ಟು, "ತೂಕ ನೋಡ್ರಿ ಯಜಮಾನ್ರೇ, ರೇಟು ಆಮೇಲೆ ಮಾತಾಡೋಣಂತೆ" ಎಂದ. ನಮ್ಮ ಕಡೆ ಲೋಹದ ವ್ಯಾಪಾರವೆಲ್ಲ ಹೀಗೆಯೇ ಶುರುವಾಗುತ್ತದೆ. ಭಾರವಾದದ್ದು ಒಳ್ಳೆಯದು, ಹಗುರವಾದದ್ದು ಮೋಸ. ಬಿಂದಿಗೆಯ ಭಾರಕ್ಕೆ ಕೈ ಸ್ವಲ್ಪ ಇಳಿಯಿತು ನೋಡಿ, ಒಂದು ಜೊತೆ ಬೈಕ್ ವಾಲ್ವು ನೆನಪಾಗಿ ಅಲ್ಲೇ ನಗು ಬಂತು. ನಗುವವನಿಗೆ ಯಾರೂ ರೇಟು ಇಳಿಸುವುದಿಲ್ಲ. ಚೌಕಾಸಿಗೆ ನಿಂತಾಗ ಮುಖ ಯಾವಾಗಲೂ ಹಲ್ಲುನೋವು ಬಂದವನ ಹಾಗಿರಬೇಕು. ಇದು ನಿಮಗೆ ಪುಕ್ಕಟೆ ಸಲಹೆ.

ಸಲಹೆ ಕೊಡುವ ಹಕ್ಕು ನನಗೆ ಹೇಗೆ ಬಂತೆಂದು ನೀವು ಕೇಳಬಹುದು. ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು, ದಾವಣಗೆರೆಯ ಓಣಿ ಓಣಿಯಲ್ಲಿ ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಟ್ಟು ಬದುಕು ಕಟ್ಟಿಕೊಂಡವನು ನಾನು. ಜರಿಯಂಚಿನ ಸೀರೆಗೆ ಒಂದು ಡಬರಿ ಕೊಟ್ಟು, ಮೇಲೊಂದು ಚಮಚ ಕೇಳಿದ ತಾಯಂದಿರ ಜೊತೆ ಮಧ್ಯಾಹ್ನವಿಡೀ ವಾದ ಮಾಡಿದ್ದೇನೆ. ಅಂಥ ಶಾಲೆಯಲ್ಲಿ ಓದಿದವನಿಗೆ ಉಳಿದ ವಿದ್ಯೆಗಳೆಲ್ಲ ಸುಲಭ. ಈಗ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಮೊಳೆ ಕೊಳ್ಳಲು ಬಂದವರಿಗೆ ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕು, ಮಗನನ್ನು ಯಾವ ಕಾಲೇಜಿಗೆ ಸೇರಿಸಬೇಕು ಎಂಬುದನ್ನೂ ಹೇಳಿ ಕಳಿಸುತ್ತೇನೆ. ಕೆಲವರು ಈಗ ಮೊಳೆಯನ್ನು ಬೇರೆ ಕಡೆ ಕೊಳ್ಳುತ್ತಾರೆ. ಅದು ಅವರ ನಷ್ಟ.

ವಾಲ್ವಿನ ಕತೆ ನಡೆದದ್ದು ಹರಿಹರದಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಅಕ್ಕನ ಮಗಳು ಗಿರಿಜಾ ಡಿಪ್ಲೊಮಾ ಮುಗಿಸಿ, ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೈಕ್ ರಿಪೇರಿಗೆ ಕೂತವಳು. ಊರಿನವರ ಬೈಕುಗಳನ್ನು ರಿಪೇರಿ ಮಾಡಿ, ಉಳಿದ ಹೊತ್ತಿನಲ್ಲಿ ತನ್ನದೇ ಹಳೇ ಬೈಕೊಂದರ ಎಂಜಿನ್ ಬಿಚ್ಚಿ, ಉಜ್ಜಿ, ಕೊರೆದು, ಮಣ್ಣಿನ ರೇಸಿಗೆ ಹದ ಮಾಡುತ್ತಿದ್ದಳು. ಹಿಂದಿನೆರಡು ರೇಸಿನಲ್ಲೂ ಬೈಕು ಅರ್ಧದಲ್ಲೇ ಕೈಕೊಟ್ಟಿತ್ತು. ಎರಡು ಸಲವೂ ಅದನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದದ್ದನ್ನು ಓಣಿಯೆಲ್ಲ ನೋಡಿತ್ತು.

ನಮ್ಮ ಭಾವ ರುದ್ರಪ್ಪನವರು ಬಿತ್ತನೆ ಬೀಜದ ವ್ಯಾಪಾರಿ. ಮೊಳಕೆ ಬರದ ಬೀಜವನ್ನೂ, ಗುರಿ ಮುಟ್ಟದ ಬೈಕನ್ನೂ ಅವರು ಒಂದೇ ಕಣ್ಣಿನಿಂದ ನೋಡುವವರು. ಆ ಶೆಡ್ಡಿಗೆ ಬೇಕರಿಯವನೊಬ್ಬ ಬಾಡಿಗೆ ಕೇಳಿಕೊಂಡು ದಿನವೂ ಬರುತ್ತಿದ್ದ, ಬರುವಾಗಲೆಲ್ಲ ಬೆಣ್ಣೆ ಬಿಸ್ಕತ್ತು ತರುತ್ತಿದ್ದ. ಬಿಸ್ಕತ್ತು ತಿಂದ ಮೇಲೆ ಭಾವ ಮಗಳಿಗೆ ಷರತ್ತು ಹಾಕಿದರು. ಈ ಸಲದ ರೇಸಿನಲ್ಲಿ ಗೆಲ್ಲುವುದು ಬೇಡ, ಬೈಕು ತನ್ನ ಸ್ವಂತ ಎಂಜಿನ್ನಿನ ಬಲದಿಂದ ಕೊನೆಯ ಗೆರೆ ದಾಟಿದರೆ ಸಾಕು, ಶೆಡ್ಡು ಅವಳದೇ. ದಾಟದಿದ್ದರೆ ಮರುದಿನವೇ ಬೇಕರಿಯವನಿಗೆ ಬೀಗದ ಕೈ. ಗಿರಿಜಾ ಒಪ್ಪಿಕೊಂಡಳು.

ಆಗ ನಾನು ಸರಕು ತರಲು ಬೆಂಗಳೂರಿಗೆ ಹೊರಟಿದ್ದೆ. ಬೆಳಿಗ್ಗೆಯೇ ಅವಳ ಫೋನು ಬಂತು. "ಮಾವ, ಒಂದು ಜೊತೆ ವಾಲ್ವು ತರ್ರಿ. ಸ್ಟೇನ್‌ಲೆಸ್ ಸ್ಟೀಲಿಂದು. ಸ್ಟೀಲಿಂದೇ ಬೇಕು ಮಾವ, ಬ್ಯಾರೆ ಬ್ಯಾಡ." ಅಳತೆಯನ್ನೂ ಹೇಳಿದಳು. ವಾಲ್ವೆಂದರೆ ಎಂಜಿನ್ನಿನ ಬಾಗಿಲು, ಅಷ್ಟೇ. ನೋಡಲು ಉದ್ದ ತೊಟ್ಟಿನ ಅಣಬೆಯ ಹಾಗಿರುತ್ತದೆ. ಒಂದು ಬಾಗಿಲು ಗಾಳಿಯನ್ನೂ ಪೆಟ್ರೋಲನ್ನೂ ಒಳಗೆ ಬಿಡುತ್ತದೆ, ಇನ್ನೊಂದು ಹೊಗೆಯನ್ನು ಹೊರಗೆ ಅಟ್ಟುತ್ತದೆ. ಎಂಜಿನ್ ಜೋರಾದಷ್ಟೂ ಬಾಗಿಲು ಬೇಗ ಬೇಗ ತೆರೆದು ಮುಚ್ಚಬೇಕು, ಹಗುರವಾಗಿದ್ದರೆ ಅನುಕೂಲ. ಸ್ಟೀಲಿನದು ತುಸು ಭಾರ, ಆದರೆ ಗಟ್ಟಿ, ದೂಳು ತಿಂದರೂ ತಡೆಯುತ್ತದೆ. ಟೈಟಾನಿಯಂದು ಹಗುರ, ಆದರೆ ಅದರ ಮೈಗೆ ತೆಳ್ಳನೆಯ ಲೇಪ ಬಳಿದಿರುತ್ತಾರೆ. ದೂಳು ಹೊಕ್ಕು ಆ ಲೇಪ ಸವೆಯಿತೆಂದರೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಎಂಜಿನ್ನಿನ ದಮ್ಮು ಹೋಗುತ್ತದೆ. ವಾಲ್ವು ಕೂರುವ ಉಂಗುರವೂ ಅದಕ್ಕೆ ಒಗ್ಗುವಂಥದ್ದೇ ಬೇಕು. ಇಷ್ಟೂ ಈಗ ಗೊತ್ತು. ಆವತ್ತು ನನಗೆ ಗೊತ್ತಿದ್ದದ್ದು ಚೌಕಾಸಿ ಮಾತ್ರ.

ಬಿಡಿಭಾಗದ ಅಂಗಡಿಯವನು ಸ್ಟೀಲಿನ ಜೊತೆಯನ್ನು ತೆಗೆದಿಟ್ಟ, ಒಂದೇ ರೇಟು ಹೇಳಿದ, ಮಿಸುಕಲಿಲ್ಲ. ಒಂದು ಪೈಸೆ ಇಳಿಸದೆ ಅಂಗಡಿಯಿಂದ ಹೊರಬಂದ ದಾಖಲೆ ನನ್ನ ಜೀವನದಲ್ಲಿಲ್ಲ. ಅದಕ್ಕೇ ಪಕ್ಕದ ಡಬ್ಬಿಯಲ್ಲಿದ್ದ ಇನ್ನೊಂದು ಜೊತೆಯನ್ನು ಸುಮ್ಮನೆ ಕೈಗೆತ್ತಿಕೊಂಡೆ. ಅದು ಟೈಟಾನಿಯಂ, ಹಲವು ಪಟ್ಟು ದುಬಾರಿ ಎಂದ. ಅಂಗೈಯಲ್ಲಿಟ್ಟು ತೂಗಿ ನೋಡಿದರೆ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು.

ತೂಕವೇ ಇಲ್ಲದ್ದಕ್ಕೆ ಹೆಚ್ಚು ರೇಟು ಯಾವ ನ್ಯಾಯ ಎಂದು ಕೇಳಿದೆ. ಹಗುರ ಇರುವುದಕ್ಕೇ ಆ ರೇಟು ಎಂದ ಅವನು.

"ನಮ್ಮೂರಾಗೆ ಮಂಡಕ್ಕಿನೂ ಹಗುರ ಐತೆ ಕಣಪ್ಪ," ಅಂದೆ. "ಅದಕ್ಕೆ ಯಾರೂ ಬೆಳ್ಳಿ ರೇಟು ಹಾಕಲ್ಲ."

ಅವನು ವಿಜ್ಞಾನ ಹೇಳಿದ, ನಾನು ತಕ್ಕಡಿ ತರಿಸಿದೆ. ಅವನು ವಿಮಾನದ ಮಾತು ತೆಗೆದ, ನಾನು ಬಿಂದಿಗೆಯ ಮಾತು ತೆಗೆದೆ. ಊಟದ ಹೊತ್ತು ಮೀರಿತು, ಗಿರಾಕಿಗಳು ಬಂದು ಹೋದರು, ನಾನು ಸ್ಟೂಲಿನಿಂದ ಏಳಲಿಲ್ಲ. ಕೊನೆಗೆ ಅವನು, ಯಾರೋ ಆರ್ಡರು ಕೊಟ್ಟು ಬಿಟ್ಟುಹೋದ ಮಾಲು, ಸ್ಟೀಲಿನ ರೇಟಿಗೇ ಒಯ್ದು ಪುಣ್ಯ ಕಟ್ಟಿಕೊಳ್ಳಿ ಎಂದು ಕೈಮುಗಿದ. ಇನ್ನು ನೀವೇ ಹೇಳಿ. ಅಷ್ಟು ಇಳಿದ ಮೇಲೆ ಕೊಳ್ಳದೆ ಬರುವುದು ಮನುಷ್ಯತ್ವವೇ? ಬೇಕಾದದ್ದನ್ನು ಯಾರು ಬೇಕಾದರೂ ಕೊಳ್ಳಬಹುದು. ರೇಟು ಇಳಿದದ್ದನ್ನು ಬಿಟ್ಟು ಬರಲು ಮಾತ್ರ ಕಲ್ಲೆದೆ ಬೇಕು.

ಹರಿಹರಕ್ಕೆ ಬಂದವನು ವಾಲ್ವುಗಳನ್ನು ನೇರ ಗಿರಿಜಾಳ ಕೈಗೆ ಕೊಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಷ್ಟು ದೊಡ್ಡ ವಸ್ತುವನ್ನು ಸುಮ್ಮನೆ ಕೊಡಲು ಮನಸ್ಸು ಬರಲಿಲ್ಲ. ಅಕ್ಕನನ್ನು ಕರೆದು, ಇದು ದುಡ್ಡಿನ ಲೆಕ್ಕಕ್ಕಲ್ಲ, ಸೋದರಮಾವನ ಉಡುಗೊರೆ ಎಂದುಬಿಟ್ಟೆ. ಅಕ್ಕನ ಕಣ್ಣು ತುಂಬಿತು. ತಟ್ಟೆ ತಂದಳು, ಎಲೆ ಅಡಿಕೆ ಇಟ್ಟಳು, ವಾಲ್ವುಗಳ ತಲೆಗೆ ಅರಿಶಿನ ಕುಂಕುಮ ಹಚ್ಚಿದಳು. ಗಿರಿಜಾ ತಟ್ಟೆ ನೋಡಿದಳು, ಒಂದು ವಾಲ್ವನ್ನು ಎತ್ತಿದಳು. ಹಗುರಕ್ಕೇ ಅವಳಿಗೆ ಎಲ್ಲ ತಿಳಿಯಿತು.

"ಮಾವ, ನಾನು ಕೇಳಿದ್ದು ಸ್ಟೀಲಿಂದು."

"ಅದೇ ರೇಟಿಗೆ ಇದು ಬಂತವ್ವ," ಅಂದೆ. ಇದಕ್ಕಿಂತ ದೊಡ್ಡ ವಾದ ನನಗೆ ಇವತ್ತಿಗೂ ಹೊಳೆದಿಲ್ಲ.

ಅವಳು ಸಿಟ್ಟಾಗಲಿಲ್ಲ. ಬಯಲಿನ ದೂಳು, ತನ್ನ ಎಂಜಿನ್ನಿನ ಉಂಗುರ, ಲೇಪ ಸವೆಯುವ ರೀತಿ, ಎಲ್ಲವನ್ನೂ ಬಿಡಿಸಿ ಹೇಳಿದಳು. ಇದನ್ನು ಹಾಕಿದರೆ ಬೈಕು ಈ ಸಲವೂ ಅರ್ಧದಲ್ಲೇ ನಿಲ್ಲುತ್ತದೆ ಎಂದಳು. ಆದರೆ ತಟ್ಟೆಯಲ್ಲಿ ಬಂದ ವಸ್ತುವಿನ ಮುಂದೆ ಯಾವ ವಿಜ್ಞಾನ ನಡೆದೀತು? ನಮ್ಮಲ್ಲಿ ಸೋದರಮಾವ ತಂದ ಸೀರೆ ಬಣ್ಣ ಒಪ್ಪದಿದ್ದರೂ ಉಡಬೇಕು, ತಂದ ಬಳೆ ಬಿಗಿಯಾದರೂ ತೊಡಬೇಕು. ಅದನ್ನು ಬದಲಾಯಿಸಿಕೊಂಡು ಬಂದರೆ ತವರಿಗೆ ಅವಮಾನ.

"ತವರಿಂದ ಬಂದಿದ್ದು ಡಬ್ಬಿಯೊಳಗೆ ಇಡೋದು ಹೆಂಗೆ?" ಎಂದಳು ಅಕ್ಕ. "ನಾಳೆ ನನ್ನ ತಮ್ಮ ಈ ಮನೆ ಮೆಟ್ಟಿಲು ಹತ್ತಬ್ಯಾಡೇನು?"

ಮದುವೆಯಾದಂದಿನಿಂದ ಅಕ್ಕನ ತವರಿನ ಒಂದು ವಸ್ತುವನ್ನೂ ಹೊಗಳದ ಭಾವ ಆವತ್ತು ತಟ್ಟೆಯ ಮುಂದೆ ಕೂತು ಟೈಟಾನಿಯಂ ಅನ್ನು ಹೊಗಳಿದ್ದೇ ಹೊಗಳಿದ್ದು. ಮಾವ ತಂದದ್ದನ್ನು ಹಾಕಲೇಬೇಕು, ಹಾಕದಿದ್ದರೆ ತಾನು ಸುಮ್ಮನಿರುವುದಿಲ್ಲ ಎಂದರು. ಬೇಕರಿಯವನ ಬಿಸ್ಕತ್ತಿನ ಪೊಟ್ಟಣ ಅವರ ಪಕ್ಕದಲ್ಲೇ ಇತ್ತು. ಯಾರ ಹೊಗಳಿಕೆ ಎಲ್ಲಿಂದ ಹೊರಡುತ್ತದೆ ಎಂದು ತಿಳಿಯಬೇಕಾದರೆ ಪಕ್ಕದಲ್ಲಿ ಏನಿದೆ ನೋಡಿ.

ಗಿರಿಜಾ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಅಮ್ಮನನ್ನು ಕೇಳಿದಳು. "ಅಮ್ಮ, ಮಾವ ತಂದಿದ್ದು ಯಾರು ಹಾಕ್ಕೋಬೇಕು? ಸೊಸೇನೋ, ಸೊಸೆ ಗಾಡೀನೋ?"

"ಸೊಸೇನೇ," ಎಂದಳು ಅಕ್ಕ, ಯೋಚಿಸದೆ.

"ಹಂಗಾದ್ರೆ ನಾನೇ ಹಾಕ್ಕೋತೀನಿ."

ಭಾವ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದರು. ಅಕ್ಕ ಮಾತ್ರ ಆಗಲೇ ಸೂಜಿ ದಾರ ಹುಡುಕಲು ಎದ್ದಿದ್ದಳು. ರೇಸಿನ ಜಾಕೆಟ್ಟಿನ ಒಳಗೆ ಎಡಗಡೆ ರವಿಕೆ ಖಣದ ಚಿಕ್ಕ ಜೇಬು ಹೊಲಿದು, ವಾಲ್ವುಗಳನ್ನು ಹತ್ತಿಯಲ್ಲಿ ಸುತ್ತಿ ಅದರಲ್ಲಿಟ್ಟು ಬಾಯಿ ಹೊಲಿದಳು. ತವರಿನ ಮರ್ಯಾದೆ ಉಳಿಯಿತು. ಎಂಜಿನ್ನಿಗೆ ಗಿರಿಜಾ ದಾವಣಗೆರೆಯಿಂದ ಸ್ಟೀಲಿನ ಜೊತೆ ತರಿಸಿಕೊಂಡಳು. ಏನು ರೇಟಿಗೆ ತಂದಳೆಂದು ನಾನು ಕೇಳಿದೆ, ಹೇಳಲಿಲ್ಲ. ಹೇಳದಿದ್ದದ್ದೇ ಒಳ್ಳೆಯದಾಯಿತು.

ರೇಸು ನಡೆದದ್ದು ಹದಡಿ ಕಡೆಯ ಒಂದು ಬಯಲಿನಲ್ಲಿ. ಅಲ್ಲಿನ ದೂಳನ್ನು ನೀವು ನೋಡಬೇಕಿತ್ತು. ಶುರುವಾದ ಸ್ವಲ್ಪ ಹೊತ್ತಿಗೆ ಬೈಕುಗಳೇ ಕಾಣಲಿಲ್ಲ, ಸದ್ದು ಮಾತ್ರ ಸುತ್ತು ಹೊಡೆಯುತ್ತಿತ್ತು. ಭಾವ ಬಿಳಿ ಅಂಗಿ ತೊಟ್ಟು ಬಂದವರು ಕೆಂಪಾಗಿ ಕೂತಿದ್ದರು. ಥಳಥಳಿಸುವ ಸಾಮಾನು ಹಾಕಿಸಿಕೊಂಡು ಬಂದ ಕೆಲವರ ಬೈಕುಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು. ನಮ್ಮ ಹುಡುಗಿ ಹಿಂದೆಯೇ ಇದ್ದಳು, ಆದರೆ ಇದ್ದಳು. ಕೊನೆಯ ತಿರುವಿನಲ್ಲಿ ಮುಂದಿನವನು ಬಿದ್ದ, ಇವಳು ಅವನನ್ನು ತಪ್ಪಿಸಲು ಹೋಗಿ ತಾನೂ ಬಿದ್ದಳು. ಎಂಜಿನ್ ನಿಂತುಹೋಯಿತು. ಎದ್ದು ಬೈಕೆತ್ತಿ ಕಿಕ್ಕರಿಗೆ ಒದ್ದಳು, ಹತ್ತಲಿಲ್ಲ. ಇನ್ನೊಮ್ಮೆ ಒದ್ದಳು. ನನ್ನ ಬಾಯಲ್ಲಿ ಸಲಹೆಗಳು ಸಾಲುಗಟ್ಟಿ ನಿಂತವು, ಆದರೆ ಅಷ್ಟು ದೂರಕ್ಕೆ ಯಾವ ಸಲಹೆಯೂ ಮುಟ್ಟುವಂತಿರಲಿಲ್ಲ.

ಆಗ ಪಕ್ಕದಲ್ಲಿ ಗೊಣಗು ಕೇಳಿತು. ಭಾವ ಎದ್ದು ನಿಂತಿದ್ದರು, ಹೆಗಲ ಟವಲ್ಲನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದರು. "ಒದಿಯವ್ವ," ಎನ್ನುತ್ತಿದ್ದರು, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಮೆತ್ತಗೆ. "ಒದಿ ನನ್ನವ್ವ. ಇನ್ನೊಂದು ಸಲ ಒದಿ." ಅವರ ಬಲಗಾಲು ನೆಲವನ್ನು ಒದೆಯುತ್ತಿತ್ತು.

ಎಂಜಿನ್ ಕೆಮ್ಮಿ ಹತ್ತಿಕೊಂಡಿತು. ಗೆದ್ದವರಿಗೆ ಹಾರ ಹಾಕಿ ಮುಗಿಯುವ ಹೊತ್ತಿಗೆ ನಮ್ಮ ಗಿರಿಜಾ ಗೆರೆ ದಾಟಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ವೇದಿಕೆಯ ಕಡೆ ತಿರುಗಿದ್ದರು. ಭಾವ ಮಾತ್ರ ಗೆರೆಯ ತನಕ ನಡೆದು ಹೋಗಿ, ಅದೇ ಟವಲ್ಲಿನಿಂದ ಮಗಳ ಮುಖದ ದೂಳು ಒರೆಸಿದರು. ಬೇಕರಿಯ ಒಲೆಯ ಹಬೆಗೆ ಮನೆಯ ಗೋಡೆ ಹಾಳಾಗುತ್ತದೆ ಎಂದು ಮರುದಿನ ಅವರೇ ಬೇಕರಿಯವನಿಗೆ ಹೇಳಿ ಕಳಿಸಿದರು. ಆಮೇಲೆ ಬಿಸ್ಕತ್ತು ಬರುವುದು ನಿಂತಿತು.

ಈಗ ನೀವು ನನ್ನನ್ನು ನೋಡಿ ನಗುತ್ತಿದ್ದೀರಿ. ನಗಿ. ಆದರೆ ನ್ಯಾಯವಾಗಿ ಯೋಚಿಸಿ. ಆ ರೇಸಿನಲ್ಲಿ ಟೈಟಾನಿಯಂ ವಾಲ್ವು ಶುರುವಿನಿಂದ ಕೊನೆಯ ಗೆರೆಯ ತನಕ ಹೋಯಿತೋ ಇಲ್ಲವೋ? ಒಂದು ಗೀರಾದರೂ ಬಿತ್ತೇ? ಬೀಳಲಿಲ್ಲ. ನನ್ನ ಅಂಗಡಿಗೆ ಬಂದವರಿಗೆ ಇಷ್ಟನ್ನು ಹೇಳುತ್ತೇನೆ, ಯಾವ ಜೇಬಿನಲ್ಲಿತ್ತೆಂದು ಅವರು ಕೇಳುವುದಿಲ್ಲ. ನೀವು ಎಂಜಿನ್ ಕಟ್ಟುವವರಾದರೆ ಮಾತ್ರ ನೇರ ಸಲಹೆ ಕೊಡುತ್ತೇನೆ. ಡಾಂಬರಿನ ಮೇಲೆ ಓಡಿಸಿ, ಆಗಾಗ ಬಿಚ್ಚಿ ನೋಡುವ ತಾಳ್ಮೆ ಇದ್ದವರಿಗೆ ಟೈಟಾನಿಯಂ. ಮಣ್ಣಿನಲ್ಲಿ ಬಿದ್ದು ಎದ್ದು ಮನೆ ಮುಟ್ಟಬೇಕಾದವರಿಗೆ ಸ್ಟೀಲು.

ಇವತ್ತು ಬಿಂದಿಗೆ ಹಿಡಿದು ಪಾತ್ರೆ ಅಂಗಡಿಯಿಂದ ಹೊರಬರುವಾಗ ಗಿರಿಜಾಳ ಫೋನು ಬಂತು. ಯಾರೋ ಎಂಜಿನ್ ಕಟ್ಟಲು ಕೊಟ್ಟಿದ್ದಾರಂತೆ, ಸಾಮಾನಿಗೆಂದು ದಾವಣಗೆರೆಗೆ ಬಂದಿದ್ದಾಳೆ, ಅಂಗಡಿಯವನು ರೇಟು ಇಳಿಸುತ್ತಿಲ್ಲ. "ಮಾವ, ಬರ್ರಿ. ಆರಿಸೋಳು ನಾನು, ಮಾತಾಡೋರು ನೀವು. ನಾನು ಹೇಳೋತನಕ ಬಾಯಿ ಬಿಡಬ್ಯಾಡ್ರಿ" ಎಂದಳು.

ಹೋದೆ. ಅವಳು ಸ್ಕೇಲು ಹಿಡಿದು ಒಂದೊಂದೇ ವಾಲ್ವು ಅಳೆಯುತ್ತಿದ್ದಳು. ಅಂಗಡಿಯವನು ನನ್ನ ವಯಸ್ಸು ನೋಡಿ, ತೀರ್ಮಾನ ನನ್ನದೆಂದು ತಿಳಿದು, ಬೇರೆ ಮಾಲೊಂದನ್ನು ನನ್ನ ಮುಂದೆ ತಂದಿಟ್ಟ. ಇದಕ್ಕೆ ಭಾರೀ ಡಿಸ್ಕೌಂಟು ಐತೆ ಸಾರ್ ಎಂದ. ನನ್ನ ನಾಲಿಗೆ ಬಾಯೊಳಗೆ ಒಂದು ಸುತ್ತು ಹೊಡೆಯಿತು. ನಾನು ಎದುರಿನ ಗೋಡೆ ನೋಡಿದೆ, ಟೀ ತರಿಸಿಕೊಂಡು ಕುಡಿದೆ, ಮತ್ತೆ ಗೋಡೆ ನೋಡಿದೆ. ಇಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದನ್ನು ನನ್ನ ಹೆಂಡತಿ ಕೂಡ ಕಂಡಿಲ್ಲ. ಕೊನೆಗೆ ಗಿರಿಜಾ ಒಂದು ಜೊತೆಯನ್ನು ಗಾಜಿನ ಮೇಲಿಟ್ಟು, ಕೈ ಒರೆಸಿಕೊಂಡು, ನನ್ನ ಕಡೆ ತಿರುಗಿದಳು.

"ಇವೇ. ಈಗ ಮಾತಾಡ್ರಿ, ಮಾವ."

ನಾನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡೆ.